ಡಯಾಪರ್ ರ‍್ಯಾಶ್‌ಗೆ ಯಾವ ಟ್ಯೂಬ್? ಮೆಡಿಕಲ್ ಶಾಪಿನ ಕಪಾಟಿನ ವಿಮರ್ಶೆ

"ಮಗೂಗೆ ಡಯಾಪರ್ ಹಾಕೋ ಜಾಗ ಎಲ್ಲಾ ಕೆಂಪಾಗಿದೆ, ಏನಾದ್ರೂ ಕ್ರೀಮ್ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ನಾಲ್ಕು ಬಗೆಯ ಟ್ಯೂಬುಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಒಂದರಲ್ಲಿ ಝಿಂಕ್ ಆಕ್ಸೈಡ್ ಎಂಬ ಸತುವಿನ ಬಿಳಿ ಪುಡಿ, ಇನ್ನೊಂದರಲ್ಲಿ ಬರೀ ಪೆಟ್ರೋಲಿಯಂ ಜೆಲ್ಲಿ, ಮತ್ತೊಂದರಲ್ಲಿ ಫಂಗಸ್ ಕೊಲ್ಲುವ ಔಷಧಿ, ಮಗದೊಂದರಲ್ಲಿ ಫಂಗಸ್ ಔಷಧಿಯ ಜೊತೆ ಉರಿಯೂತ ಅದುಮುವ ಸ್ಟೀರಾಯ್ಡ್. ಪೆಟ್ಟಿಗೆಯ ಮೇಲಿನ ಹೆಸರು ನೋಡಿದರೆ ಯಾವುದು ಏನು ಎಂದು ಗೊತ್ತಾಗುವುದಿಲ್ಲ. ವಾರ ಕಳೆದರೂ ಬಿಡದ ರ‍್ಯಾಶ್ ಎಂದು ಡಾಕ್ಟರ ಬಳಿ ಬರುವ ಮಕ್ಕಳಲ್ಲಿ ಬಹಳ ಸಲ ಟ್ಯೂಬೇ ತಪ್ಪಿರುತ್ತದೆ, ಇಲ್ಲವೇ ಸರಿಯಾದ ಟ್ಯೂಬನ್ನು ಹಚ್ಚಿದ ರೀತಿ ತಪ್ಪಿರುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಕಂಪನಿಗಿಂತ ಟ್ಯೂಬಿನ ಹಿಂಬದಿಯ ಸಣ್ಣಕ್ಷರಗಳಿಗೇ ಹೆಚ್ಚು ಜಾಗ.

ಮೊದಲು ತೊಡೆಸಂದು ನೋಡಿ

ಮಗುವನ್ನು ಬೆಳಕಿರುವ ಕಡೆ ಮಲಗಿಸಿ, ತೊಡೆಸಂದನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ. ಕುಂಡಿಯ ಉಬ್ಬು, ತೊಡೆಯ ಒಳಭಾಗ, ಡಯಾಪರ್ ಒತ್ತುವ ಕಿಬ್ಬೊಟ್ಟೆ ಇವೆಲ್ಲ ಕೆಂಪಾಗಿದ್ದು ಸಂದಿಯ ಆಳದಲ್ಲಿ ಮಾತ್ರ ಚರ್ಮ ಚೆನ್ನಾಗಿದ್ದರೆ, ಅದು ಒದ್ದೆಯಿಂದಲೂ ಉಜ್ಜಾಟದಿಂದಲೂ ಬಂದ ಸಾಮಾನ್ಯ ರ‍್ಯಾಶ್. ಡಯಾಪರ್ ತಾಗುವ ಕಡೆ ಸುಟ್ಟಿರುತ್ತದೆ, ತಾಗದ ಮಡಿಕೆ ಉಳಿದಿರುತ್ತದೆ. ಸಂದಿಯೊಳಗೇ ಗಾಢ ಕೆಂಪಾಗಿ, ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿದ್ದು, ಆ ಅಂಚಿನಾಚೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ಕ್ಯಾಂಡಿಡಾ ಎಂಬ ಫಂಗಸ್ ಸೇರಿಕೊಂಡಿದೆ ಎಂದೇ ಲೆಕ್ಕ. ಮಗು ಇತ್ತೀಚೆಗೆ ಆಂಟಿಬಯಾಟಿಕ್ ಕುಡಿದಿದ್ದರೆ, ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಪದರವಿದ್ದರೆ ಅನುಮಾನ ಇನ್ನೂ ಗಟ್ಟಿ. ಸಾಮಾನ್ಯ ರ‍್ಯಾಶ್ ಆರೈಕೆ ಮಾಡಿದರೂ ಮೂರು ದಿನಕ್ಕೆ ಇಳಿಯದಿದ್ದರೆ ಆಗಲೂ ಫಂಗಸ್ಸನ್ನೇ ಮೊದಲು ನೆನೆಯಬೇಕು.

ನಮ್ಮ ಕಡೆಯ ಮಕ್ಕಳ ಮೈಬಣ್ಣಕ್ಕೆ ಒಂದು ಮಾತು ಸೇರಿಸಬೇಕು. ಚಿತ್ರಗಳಲ್ಲಿ ಕಾಣುವ ಆ ಹಣ್ಣುಗೆಂಪು ಕಂದು ಚರ್ಮದ ಮೇಲೆ ಕಾಣುವುದೇ ಇಲ್ಲ. ಕಪ್ಪುಮಿಶ್ರಿತ ನೇರಳೆಯಾಗಿಯೋ ಗಾಢ ಕಂದಾಗಿಯೋ ಇರುತ್ತದೆ. ಮುಟ್ಟಿದರೆ ಬಿಸಿ, ಮೇಲ್ಮೈ ಹೊಳಪು, ನೀರು ತಾಕಿದ ತಕ್ಷಣ ಮಗು ಚೀರುವುದು, ಇವನ್ನೇ ಗುರುತಾಗಿ ಇಟ್ಟುಕೊಳ್ಳಿ.

ಇದೆಲ್ಲ ಯಾಕಾಗುತ್ತದೆ ಎಂಬುದನ್ನು ತಿಳಿದರೆ ಯಾವ ಕ್ರೀಮ್ ಯಾಕೆ ಎಂಬುದು ತಾನಾಗಿ ಹೊಳೆಯುತ್ತದೆ. ಉಚ್ಚೆ ಒಂದೇ ಇದ್ದರೆ ಅಷ್ಟು ಕಾಟವಿಲ್ಲ. ಕಕ್ಕದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಅಮೋನಿಯದಿಂದ ಚರ್ಮದ ಆಮ್ಲೀಯತೆ ಕೆಡುತ್ತದೆ. ಆಗ ಕಕ್ಕದಲ್ಲೇ ಇರುವ, ಪ್ರೋಟೀನು ಕೊಬ್ಬು ಕರಗಿಸುವ ಕಿಣ್ವಗಳು ಚುರುಕಾಗಿ, ಒದ್ದೆಯಲ್ಲಿ ನೆಂದು ಮೆತ್ತಗಾದ ಚರ್ಮವನ್ನು ತಿನ್ನತೊಡಗುತ್ತವೆ. ಅದಕ್ಕೇ ಭೇದಿಯಾದ ದಿನ ಅರ್ಧ ಗಂಟೆಯಲ್ಲೇ ಕುಂಡಿ ಕೆಂಪಾಗುವುದು. ಮೇಲೂಟ ಶುರುವಾಗಿ ಕಕ್ಕದ ಗುಣ ಬದಲಾಗುವ 9ರಿಂದ 12 ತಿಂಗಳ ನಡುವೆ ರ‍್ಯಾಶ್ ಹೆಚ್ಚು ಕಾಣುವುದಕ್ಕೂ ಇದೇ ಕಾರಣ. ಕ್ರೀಮಿನ ಮೊದಲ ಕೆಲಸ ವಾಸಿ ಮಾಡುವುದಲ್ಲ, ಅಡ್ಡ ನಿಲ್ಲುವುದು. ಚರ್ಮ ತನ್ನಷ್ಟಕ್ಕೆ ತಾನೇ ಮಾಯುತ್ತದೆ.

ಝಿಂಕ್ ಆಕ್ಸೈಡ್ ಪೇಸ್ಟ್: ಮೊದಲ ಆಯ್ಕೆ, ಆದರೆ ಹಚ್ಚುವವರಿಲ್ಲ

ಹಚ್ಚುವುದೇನೋ ಎಲ್ಲರೂ ಹಚ್ಚುತ್ತಾರೆ, ಆದರೆ ಫೇಸ್‌ ಕ್ರೀಮ್‌ನಂತೆ ತೆಳ್ಳಗೆ ಸವರಿ, ಉಜ್ಜಿ, ಮಾಯವಾಗಿಸಿಬಿಡುತ್ತಾರೆ. ಮಾಯವಾದ ಝಿಂಕ್ ಏನನ್ನೂ ತಡೆಯುವುದಿಲ್ಲ. ಇದು ಹೋಳಿಗೆಗೆ ತುಪ್ಪ ಸವರುವ ಕೆಲಸವಲ್ಲ, ಗೋಡೆಗೆ ಗಾರೆ ಮೆತ್ತುವ ಕೆಲಸ. ಕೆಳಗಿನ ಚರ್ಮದ ಬಣ್ಣ ಕಾಣದಷ್ಟು ದಪ್ಪಗೆ ಕೂರಿಸಬೇಕು. ಇಡೀ ಜಾಗ ಕೆಂಪಾಗಿದ್ದರೆ ಮೊದಲ ಸಲಕ್ಕೆ ಸುಮಾರು ಒಂದು ಟೀ ಚಮಚ ಹಿಡಿಯುತ್ತದೆ. ರ‍್ಯಾಶ್ ಇರುವಾಗಲೂ 30 ಗ್ರಾಂ ಟ್ಯೂಬ್ ತಿಂಗಳು ಬಂತು ಎಂದರೆ ಹಚ್ಚಿದ್ದು ಸಾಲಲಿಲ್ಲ ಎಂದೇ ಅರ್ಥ.

ಕೊಳ್ಳುವಾಗ ನೋಡಬೇಕಾದ್ದು ಪ್ರಮಾಣ. ಶೇಕಡಾ 10ರ ಆಸುಪಾಸಿನದು ದಿನನಿತ್ಯದ ರಕ್ಷಣೆಗೆ ಸಾಕು, ಸುಲಭವಾಗಿ ಹರಡುತ್ತದೆ. ಚರ್ಮ ಸುಲಿದಂತಾಗಿದ್ದರೆ, ಭೇದಿಯಿದ್ದರೆ ಅದಕ್ಕಿಂತ ಗಟ್ಟಿಯದು ಬೇಕು. ಪ್ರಮಾಣವನ್ನೇ ಬರೆಯದ ಟ್ಯೂಬನ್ನು ರ‍್ಯಾಶ್ ಜೋರಾಗಿರುವಾಗ ನೆಚ್ಚಬೇಡಿ. ಪದಾರ್ಥಗಳ ಪಟ್ಟಿಯಲ್ಲಿ ಫ್ರೇಗ್ರೆನ್ಸ್ ಅಥವಾ ಪರ್ಫ್ಯೂಮ್ ಇದ್ದರೆ, ಅದು ಬೇಬಿ ಕ್ರೀಮೇ ಆಗಿರಲಿ, ಕೆಳಗಿಡಿ.

ಅಮೆರಿಕದಲ್ಲಿರುವವರು ಊರಿಗೆ ಬರುವಾಗ ತರುವ ಡೆಸಿಟಿನ್‌ನಲ್ಲಿ ಎರಡು ಬಗೆ ಇದೆ. ನೇರಳೆ ಟ್ಯೂಬಿನಲ್ಲಿ ಝಿಂಕ್ ಆಕ್ಸೈಡ್ ಶೇಕಡಾ 40, ನೀಲಿಯಲ್ಲಿ ಶೇಕಡಾ 13. ಬಿಡದ ರ‍್ಯಾಶ್‌ಗೆ ನೇರಳೆ ತರಿಸಿ. ಗಾರೆಯಷ್ಟು ಗಟ್ಟಿ, ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ, ಆದರೆ ಕೂರುವುದು ಚೆನ್ನಾಗಿ ಕೂರುತ್ತದೆ. ಇಂಗ್ಲೆಂಡಿನಿಂದಲೂ ಗಲ್ಫ್‌ನಿಂದಲೂ ಬರುವ ಬೂದುಬಣ್ಣದ ಡಬ್ಬಿ ಸುಡೊಕ್ರೆಮ್ 1931ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ್ದು. ಅದರಲ್ಲಿ ಝಿಂಕ್ ಆಕ್ಸೈಡ್ ಶೇಕಡಾ 15.25. ಜೊತೆಗೆ ಕುರಿ ಉಣ್ಣೆಯ ಲ್ಯಾನೊಲಿನ್, ಬೆಂಜೈಲ್ ಆಲ್ಕೊಹಾಲ್, ಲ್ಯಾವೆಂಡರ್ ವಾಸನೆ ಇವೆ. ಆ ವಾಸನೆಯೊಂದನ್ನು ಬಿಟ್ಟರೆ ಸಾಮಾನ್ಯ ಚರ್ಮಕ್ಕೆ ಒಳ್ಳೆಯದೇ, ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ ಮಗುವಿಗಾದರೆ ನಮ್ಮ ಮತ ಇದಕ್ಕಿಲ್ಲ. ಬೆಪ್ಯಾಂಥೆನ್ ಮುಲಾಮಿನಲ್ಲಿ ಝಿಂಕ್ ಇಲ್ಲ, ಚರ್ಮವನ್ನು ಮೃದುವಾಗಿಡುವ ಡೆಕ್ಸ್‌ಪ್ಯಾಂಥೆನಾಲ್ ಶೇಕಡಾ 5 ಇದೆ. ಎಳೆಗೆಂಪಿಗೆ, ಬರದ ಹಾಗೆ ನೋಡಿಕೊಳ್ಳುವುದಕ್ಕೆ ಸರಿ. ಬೆಂಗಳೂರಿನದೇ ಆದ ಹಿಮಾಲಯದ ಕ್ರೀಮಿನಲ್ಲಿ ಝಿಂಕ್ ಆಯುರ್ವೇದದ ಯಶದ ಭಸ್ಮದ ರೂಪದಲ್ಲಿದೆ, ಬಾದಾಮಿ ಎಣ್ಣೆ ಮತ್ತು ಲಕ್ಕಿ ಸೊಪ್ಪಿನ ಸಾರವೂ ಇವೆ. ಹಚ್ಚಲು ಹಗುರ, ರಾತ್ರಿ ಮಲಗಿಸುವ ಮುಂಚಿನ ರಕ್ಷಣೆಗೆ ಬಳಸಬಹುದು. ಭೇದಿಯ ದಿನಗಳಿಗೆ ಗಟ್ಟಿ ಪೇಸ್ಟೇ ಬೇಕು.

ಹಚ್ಚುವ ಕ್ರಮ ಹೀಗೆ. ಉಗುರು ಬೆಚ್ಚಗಿನ ನೀರು ಚೊಂಬಿನಿಂದ ಹರಿಸಿ ತೊಳೆಯಿರಿ, ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಐದು ನಿಮಿಷ ಗಾಳಿಗೆ ಬಿಡಿ. ಒದ್ದೆ ಚರ್ಮದ ಮೇಲೆ ಝಿಂಕ್ ಹಚ್ಚಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಪೇಸ್ಟೂ ಜಾರುತ್ತದೆ. ಒಣಗಿದ ಮೇಲೆ ಪೇಸ್ಟ್ ಮೆತ್ತಿ, ಅದರ ಮೇಲೊಂದು ತೆಳು ಪದರ ವ್ಯಾಸಲೀನ್ ಹಚ್ಚಿದರೆ ಪೇಸ್ಟ್ ಡಯಾಪರ್‌ಗೆ ಅಂಟಿ ಕಿತ್ತು ಬರುವುದಿಲ್ಲ. ಮುಂದಿನ ಸಲ ಬದಲಾಯಿಸುವಾಗ ಕೊಳೆಯಾದ ಮೇಲ್ಪದರ ಮಾತ್ರ ಒರೆಸಿ, ಕೆಳಗೆ ಶುಭ್ರವಾಗಿ ಉಳಿದ ಬಿಳಿಯನ್ನು ಹಾಗೇ ಬಿಟ್ಟು, ಹೋದಷ್ಟಕ್ಕೆ ಮಾತ್ರ ಮತ್ತೆ ಮೆತ್ತಿ. ಪೂರ್ತಿ ತೆಗೆಯಬೇಕೆನಿಸಿದರೆ ದಿನಕ್ಕೊಮ್ಮೆ, ಸ್ನಾನಕ್ಕೆ ಮುಂಚೆ, ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ತೆಗೆಯಿರಿ. ಪ್ರತಿ ಸಲವೂ ಕೆರೆದು ಕೆರೆದು ಬಿಳಿ ತೆಗೆಯುವ ಶುದ್ಧದ ಹಟವೇ ಎಷ್ಟೋ ಮನೆಗಳಲ್ಲಿ ಗಾಯ ಮಾಯದಂತೆ ಮಾಡುವುದು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಭೇದಿಗೆ ಡಾಕ್ಟರು ಬರೆದುಕೊಡುವ ಝಿಂಕ್ ಸಿರಪ್ಪೇ ಬೇರೆ, ಅದು ಕುಡಿಸುವುದು, 14 ದಿನ ಬಿಡದೆ ಕುಡಿಸುವುದು. ಕ್ರೀಮ್ ಹಚ್ಚಿದ್ದೇವಲ್ಲ ಎಂದು ಅದನ್ನು ನಿಲ್ಲಿಸಬೇಡಿ.

ವ್ಯಾಸಲೀನ್, ಕೊಬ್ಬರಿ ಎಣ್ಣೆ

ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ, ವಾಸನೆಯಿಲ್ಲದ್ದು ಸಿಗುತ್ತದೆ, ಉರಿಯುವುದಿಲ್ಲ. ರ‍್ಯಾಶ್ ಇಲ್ಲದ ದಿನಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಶುದ್ಧ ಕೊಬ್ಬರಿ ಎಣ್ಣೆಯೂ ಎಳೆಗೆಂಪಿಗೆ ಪರವಾಗಿಲ್ಲ, ಆದರೆ ಬಿಸಿಗೆ ಕರಗಿ ಡಯಾಪರ್ ಹೀರಿಕೊಂಡುಬಿಡುವುದರಿಂದ ಅಡ್ಡಗೋಡೆಯಾಗಿ ನಿಲ್ಲುವುದಿಲ್ಲ. ಅದಕ್ಕೆ ಅರಿಶಿನ ಬೆರೆಸುವವರಿದ್ದಾರೆ. ಸುಲಿದ ಚರ್ಮಕ್ಕೆ ಅರಿಶಿನ ಉರಿ ಎಬ್ಬಿಸಬಹುದು. ಜೊತೆಗೆ ಹಳದಿ ಬಣ್ಣ ಕೂತರೆ ಕೆಂಪು ಏರಿತೋ ಇಳಿಯಿತೋ ಡಾಕ್ಟರಿಗೂ ತಿಳಿಯುವುದಿಲ್ಲ.

ಪೌಡರ್: ಬೇಡ

ಎರೆದ ಮೇಲೆ ಘಮಘಮ ಪೌಡರ್ ಹಾಕದಿದ್ದರೆ ಅಜ್ಜಿಯರಿಗೆ ಸಮಾಧಾನವಿಲ್ಲ. ಆದರೂ ಡಯಾಪರ್ ಜಾಗಕ್ಕೆ ಬೇಡ. ಉಚ್ಚೆ ತಾಕಿದ ಪೌಡರ್ ಸಂದಿಯಲ್ಲಿ ಉಂಡೆಗಟ್ಟಿ ಮರಳಿನಂತೆ ಉಜ್ಜುತ್ತದೆ. ಪೌಡರಿನಲ್ಲಿರುವ ಟ್ಯಾಲ್ಕ್ ಎಂಬ ಖನಿಜದ ಪುಡಿ ಮೂಗಿಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ 2023ರಿಂದ ಜಗತ್ತಿನೆಲ್ಲೆಡೆ ಟ್ಯಾಲ್ಕ್ ಬೇಬಿ ಪೌಡರ್ ನಿಲ್ಲಿಸುವುದಾಗಿ 2022ರ ಆಗಸ್ಟ್‌ನಲ್ಲಿ ಹೇಳಿತು, ಅದರ ಹಿಂದೆ ಮೊಕದ್ದಮೆಗಳ ಕಥೆಯೂ ಇತ್ತು. ಮೆಕ್ಕೆಜೋಳದ ಹಿಟ್ಟು, ಕೂವೆ ಹಿಟ್ಟು ಟ್ಯಾಲ್ಕ್ ಅಲ್ಲ ನಿಜ, ಹಾರುವುದೂ ಉಂಡೆಗಟ್ಟುವುದೂ ಅವುಗಳದೂ ಅದೇ. ಇನ್ನು ಬೋರಿಕ್ ಪೌಡರ್, ಅಂದರೆ ಕೇರಂ ಬೋರ್ಡಿಗೆ ಹಾಕುವ ಅದೇ ಪುಡಿ, ಕೆಲವು ಮನೆಗಳಲ್ಲಿ ಈಗಲೂ ಔಷಧಿಯ ಡಬ್ಬಿಯಲ್ಲಿರುತ್ತದೆ. ಸುಲಿದ ಚರ್ಮದ ಮೂಲಕ ಅದು ರಕ್ತಕ್ಕೆ ಸೇರುತ್ತದೆ. ಹೀಗೆ ಹಚ್ಚಿ ಹಸುಗೂಸುಗಳು ಸತ್ತದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮಗುವಿನ ಹತ್ತಿರವೂ ಇಡಬೇಡಿ.

ಕ್ಲೊಟ್ರಿಮಜೋಲ್: ಸಂದಿಯೊಳಗೆ ಕೆಂಪಿದ್ದರೆ

ಫಂಗಸ್ ಕೊಲ್ಲುವ ಶೇಕಡಾ 1ರ ಕ್ಲೊಟ್ರಿಮಜೋಲ್ ಕ್ರೀಮ್ ಕ್ಯಾಂಡಿಡ್ ಮುಂತಾದ ಹೆಸರುಗಳಲ್ಲಿ ಎಲ್ಲೆಡೆ ಸಿಗುತ್ತದೆ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಇನ್ನೂ ಅಗ್ಗ. ಝಿಂಕ್‌ನ ಹಾಗೆ ಇದನ್ನು ಮೆತ್ತಬಾರದು. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದರಲ್ಲಿ ಅರ್ಧ ಸಾಕು. ದಿನಕ್ಕೆ ಎರಡು ಅಥವಾ ಮೂರು ಸಲ, ಗುಳ್ಳೆ ಚೆಲ್ಲಿರುವ ಅಂಚಿನಾಚೆಗೂ ಒಂದು ಬೆರಳಗಲ ಸೇರಿಸಿ, ತೆಳುವಾಗಿ ಹಚ್ಚಿ. ಐದು ನಿಮಿಷ ಬಿಟ್ಟು ಮೇಲೆ ಝಿಂಕ್. ಈ ಕ್ರಮ ತಿರುಗಿಸಿ ಝಿಂಕ್ ಮೊದಲು ಮೆತ್ತಿದರೆ ಔಷಧಿ ಚರ್ಮ ಮುಟ್ಟುವುದೇ ಇಲ್ಲ. "ಫಂಗಸ್ ಕ್ರೀಮ್ ಹಚ್ಚಿದ್ರೂ ಕಮ್ಮಿ ಆಗ್ಲಿಲ್ಲ" ಎನ್ನುವವರನ್ನು ಮೊದಲು ಕೇಳಬೇಕಾದ್ದು ಇದನ್ನೇ.

ಎರಡು ಮೂರು ದಿನದಲ್ಲಿ ಕೆಂಪು ಇಳಿಯುವುದು ಕಾಣಬೇಕು. ಕಂಡ ಕೂಡಲೇ ನಿಲ್ಲಿಸಿದರೆ ವಾರದೊಳಗೆ ಮರಳಿ ಬರುತ್ತದೆ. ಚರ್ಮ ಪೂರ್ತಿ ಸರಿಯಾದ ಮೇಲೂ ಕೆಲವು ದಿನ ಮುಂದುವರಿಸಿ, ಒಟ್ಟು ಒಂದರಿಂದ ಎರಡು ವಾರ ಹಿಡಿಯುತ್ತದೆ. ಬಾಯಲ್ಲಿ ಬಿಳಿ ಪದರವಿರುವ ಮಗುವಿಗೆ ಬಾಯಿಗೂ ಔಷಧಿ ಬೇಕು, ಮೊಲೆಯುಣ್ಣುವ ಮಗುವಾದರೆ ತಾಯಿಯ ಮೊಲೆತೊಟ್ಟನ್ನೂ ತೋರಿಸಬೇಕು. ಇಲ್ಲದಿದ್ದರೆ ಫಂಗಸ್ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ. ಇದೇ ಔಷಧಿಯ ಪೌಡರ್ ರೂಪ ದೊಡ್ಡವರ ಬೆವರುವ ಸಂದಿಗಳಿಗೆ ಸರಿ, ಡಯಾಪರ್‌ನೊಳಗೆ ಅದಕ್ಕೂ ಮೇಲೆ ಹೇಳಿದ ಉಂಡೆಗಟ್ಟುವ ಗತಿಯೇ. ಮಗುವಿಗೆ ಕ್ರೀಮನ್ನೇ ಕೇಳಿ ಪಡೆಯಿರಿ.

ಎರಡೇ ದಿನಕ್ಕೆ "ಮ್ಯಾಜಿಕ್" ಮಾಡುವ ಟ್ಯೂಬ್

ಕಪಾಟಿನಲ್ಲಿ ಅತಿ ಬೇಗ ಫಲ ಕೊಡುವುದೂ, ಅಕ್ಕಪಕ್ಕದ ಮನೆಯವರು ಅತಿ ಹೆಚ್ಚು ಹೊಗಳುವುದೂ ಇದೇ. ಅಂಕ ಕೊಡುವುದಾದರೆ ನಾವು ಸೊನ್ನೆ ಕೊಡುವುದೂ ಇದಕ್ಕೇ. ಫಂಗಸ್ ಔಷಧಿ, ನಿಯೊಮೈಸಿನ್ ಅಥವಾ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್, ಜೊತೆಗೊಂದು ಸ್ಟೀರಾಯ್ಡ್, ಮೂರನ್ನೂ ಕಲಸಿದ ಕ್ರೀಮ್. ಗುರುತಿಸುವುದು ಕಷ್ಟವಲ್ಲ. ಒಳ್ಳೆಯ ಫಂಗಸ್ ಕ್ರೀಮಿನ ಹೆಸರಿನ ಬಾಲಕ್ಕೆ ಒಂದೆರಡು ಅಕ್ಷರ ಅಂಟಿಕೊಂಡಿರುತ್ತದೆ. ಹಿಂಬದಿಯಲ್ಲಿ ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರುಗಳಲ್ಲಿ ಒಂದಿರುತ್ತದೆ. ಕೊನೆಗೆ "ಸೋನ್" ಅಥವಾ "ಸೋಲ್" ಎಂದರೆ ಎಚ್ಚರ, ಆದರೆ ಕ್ಲೊಟ್ರಿಮಜೋಲ್‌ನ "ಜೋಲ್" ಅದಲ್ಲ, ಅದು ಫಂಗಸ್ಸಿನದು. ಅಂಗಡಿಯವರು ಅವಸರದಲ್ಲಿ ಒಂದರ ಬದಲು ಇನ್ನೊಂದು ಕೊಡುವುದು ಈ ಬಾಲಾಕ್ಷರದಲ್ಲೇ.

ಎರಡು ದಿನದಲ್ಲಿ ಕೆಂಪು ಇಳಿಯುವುದು ನಿಜ. ಸ್ಟೀರಾಯ್ಡ್ ಉರಿಯೂತವನ್ನು ಅದುಮುತ್ತದೆ, ಜೊತೆಗೇ ಚರ್ಮದ ಪ್ರತಿರೋಧವನ್ನೂ ಅದುಮುತ್ತದೆ. ನಿಲ್ಲಿಸಿದ ಮೇಲೆ ರ‍್ಯಾಶ್ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತಾರೆ, ಹೀಗೇ ತಿಂಗಳುಗಟ್ಟಲೆ. ತೊಡೆಸಂದಿನ ಚರ್ಮ ಮೊದಲೇ ತೆಳು. ಅದರ ಮೇಲೆ ಡಯಾಪರ್ ಕಟ್ಟುವುದೆಂದರೆ ಔಷಧಿ ಹಚ್ಚಿ ಪ್ಲಾಸ್ಟಿಕ್ ಸುತ್ತಿದ ಹಾಗೆ, ಒಳಕ್ಕೆ ಇಳಿಯುವ ಪ್ರಮಾಣ ಏರುತ್ತದೆ. ಚರ್ಮ ಕಾಗದದಂತಾಗುವುದು, ಗೆರೆ ಬೀಳುವುದು, ಕೆಲವು ಮಕ್ಕಳಲ್ಲಿ ಕೆನ್ನೇರಳೆ ಗಂಟುಗಳು ಏಳುವುದು, ತೀರಾ ಹೆಚ್ಚಾದರೆ ಮುಖ ಊದಿ ಮೈಯೊಳಗಿನ ಸ್ವಂತ ಹಾರ್ಮೋನಿಗೇ ಏಟು ಬೀಳುವುದು, ಇವೆಲ್ಲ ಆಗುವಂಥವೇ. ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚ್‌ನಲ್ಲಿ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪೆಟ್ಟಿಗೆಯ ಮೇಲೆ ಕೆಂಪು ಗೆರೆ ಇದೆಯೇ ನೋಡಿ. ಗೆರೆ ಇದ್ದೂ ಚೀಟಿ ಕೇಳದೆ ಕೊಟ್ಟರೆ ಅದು ಅಂಗಡಿಯ ಉಪಕಾರವಲ್ಲ.

ಸ್ಟೀರಾಯ್ಡ್ ಎಂದರೆ ಎಂದೆಂದಿಗೂ ಕೂಡದು ಎಂದೇನಲ್ಲ. ಉರಿಯೂತ ಬಹಳವಿದ್ದಾಗ ಮಕ್ಕಳ ಡಾಕ್ಟರು ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಅನ್ನು ದಿನಕ್ಕೆರಡು ಸಲ, ತೆಳುವಾಗಿ, ಕೆಲವೇ ದಿನಕ್ಕೆ ಬರೆಯುತ್ತಾರೆ. ಅದು ಸ್ಟೀರಾಯ್ಡ್‌ಗಳಲ್ಲೆಲ್ಲ ಸೌಮ್ಯವಾದದ್ದು. ಅಷ್ಟು ದಿನ ಮುಗಿದ ಮೇಲೆ ಟ್ಯೂಬ್ ಎಸೆಯಿರಿ, ಮುಂದಿನ ರ‍್ಯಾಶ್‌ಗೆ ಎತ್ತಿಡಬೇಡಿ.

ವೈಪ್ಸ್, ಡಯಾಪರ್, ಬಟ್ಟೆ

ಕ್ರೀಮ್ ಸರಿಯಿದ್ದೂ ರ‍್ಯಾಶ್ ಹೋಗದಿದ್ದರೆ ವೈಪ್ಸ್ ಪ್ಯಾಕೆಟ್ ತಿರುಗಿಸಿ ಓದಿ. ವಾಸನೆ, ಆಲ್ಕೊಹಾಲ್, ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕ, ಈ ಮೂರಲ್ಲಿ ಯಾವುದಿದ್ದರೂ ಬೇಡ. ಕೊನೆಯದನ್ನು ತೊಳೆಯದೆ ಬಿಡುವ ಸೌಂದರ್ಯವರ್ಧಕಗಳಲ್ಲಿ ಬಳಸದಂತೆ ಯುರೋಪಿನಲ್ಲಿ 2017ರಿಂದ ನಿಷೇಧವಿದೆ. ರ‍್ಯಾಶ್ ಇರುವಷ್ಟು ದಿನ ಯಾವ ವೈಪ್ಸೂ ಬೇಡ. ನೀರು, ಹತ್ತಿ ಸಾಕು. ಪ್ರಯಾಣದಲ್ಲಿ ಚಿಮುಕಿಸುವ ಬಾಟಲಿಯಲ್ಲಿ ನೀರು ಇಟ್ಟುಕೊಳ್ಳಿ. ಪ್ರತಿ ಸಲ ಸೋಪು ಹಾಕುವುದೂ ತಪ್ಪು, ಕಡಲೆಹಿಟ್ಟು ತಿಕ್ಕುವುದೂ ತಪ್ಪು.

ಬಟ್ಟೆ ಒಳ್ಳೆಯದು, ಡಯಾಪರ್ ಕೆಟ್ಟದ್ದು ಎಂಬ ಮಾತು ಅರ್ಧ ಸತ್ಯ. ಡಯಾಪರ್‌ನೊಳಗಿನ ಹೀರುವ ಹರಳು ಉಚ್ಚೆಯನ್ನು ಜೆಲ್ಲಿಯಾಗಿಸಿ ಚರ್ಮದಿಂದ ದೂರ ಇಡುತ್ತದೆ, ಒದ್ದೆ ಬಟ್ಟೆ ಹಾಗೆ ಮಾಡಲಾರದು. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಕೆಡುವುದು ಡಯಾಪರ್ "12 ಗಂಟೆ" ತಡೆಯುತ್ತದೆ ಎಂಬ ಜಾಹೀರಾತನ್ನು ನಂಬಿದಾಗ. ಸೋರದಿರುವುದಕ್ಕೆ 12 ಗಂಟೆ ಇರಬಹುದು, ಚರ್ಮಕ್ಕಲ್ಲ. ಎಳೆಮಗುವಿಗೆ ಎರಡು ಗಂಟೆಗೊಮ್ಮೆ, ದೊಡ್ಡದಾದ ಮೇಲೆ ಮೂರು ನಾಲ್ಕು ಗಂಟೆಗೊಮ್ಮೆ, ಕಕ್ಕ ಮಾಡಿದರೆ ಆ ಕ್ಷಣವೇ ಬದಲಾಯಿಸಿ. ರ‍್ಯಾಶ್ ಇದ್ದರೆ ನಡುರಾತ್ರಿ ಒಮ್ಮೆ ಎದ್ದು ನೋಡಿ. ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಆರಾಮವಾಗಿ ಹೋಗದಿದ್ದರೆ ಮುಂದಿನ ಸೈಜ್ ಕೊಳ್ಳಿ. ಕೆಂಪು ತೊಡೆಯ ಸುತ್ತ ಅಥವಾ ಸೊಂಟದ ಪಕ್ಕದಲ್ಲಿ, ಪಿಸ್ತೂಲು ಸಿಕ್ಕಿಸುವ ಜಾಗದಲ್ಲಿ ಮಾತ್ರ ಇದ್ದರೆ ಅದು ಡಯಾಪರ್‌ನ ರಬ್ಬರು, ಅಂಟು ಅಥವಾ ಬಣ್ಣಕ್ಕೆ ಅಲರ್ಜಿ. ಕಂಪನಿ ಬದಲಿಸಿದರೆ ಹೋಗುತ್ತದೆ.

ಬಟ್ಟೆಯನ್ನೇ ಕಟ್ಟುವವರು ಕೊನೆಯ ಜಾಲಿಸುವಿಕೆಯಲ್ಲಿ ಆಂಟಿಸೆಪ್ಟಿಕ್ ದ್ರವ, ಘಮಘಮ ಕಂಡೀಷನರ್ ಹಾಕುವುದನ್ನು ಬಿಡಬೇಕು. ಒಣಗಿದ ಮೇಲೂ ಅದು ಬಟ್ಟೆಯಲ್ಲೇ ಕೂತು ಉಚ್ಚೆ ತಾಕಿದಾಗ ಚರ್ಮಕ್ಕಿಳಿಯುತ್ತದೆ. ಬರೀ ನೀರಲ್ಲಿ ಮೂರು ಸಲ ಜಾಲಿಸಿ, ಬಿಸಿಲಿಗೆ ಹಾಕಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಹಸಿಹಸಿಯಾಗೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಆಡಿಸದೆ ಕಟ್ಟಬೇಡಿ, ಅಥವಾ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಯಾಪರ್‌ಗೇ ಬದಲಾಗಿ.

ಕಪಾಟಿನಲ್ಲಿಲ್ಲದ, ಕಾಸೂ ಬೇಡದ ಔಷಧಿ ಗಾಳಿ. ರಬ್ಬರ್ ಶೀಟಿನ ಮೇಲೆ ಹತ್ತಿ ಬಟ್ಟೆ ಹಾಸಿ, ಏನೂ ಕಟ್ಟದೆ, ದಿನಕ್ಕೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ ಮಲಗಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಸಾಂಬ್ರಾಣಿ ಹೊಗೆಯೂ ಇದಕ್ಕೆ ಬೇಡ.

ಟ್ಯೂಬ್ ಕೊಳ್ಳದೆ ಡಾಕ್ಟರ ಬಳಿ ಹೋಗಬೇಕಾದವು

ಜ್ವರ, ಕೀವು, ನೀರು ತುಂಬಿದ ಬೊಬ್ಬೆ, ಜೇನಿನ ಬಣ್ಣದ ಹಕ್ಕಳೆ, ರಕ್ತ ಜಿನುಗುವುದು ಕಂಡರೆ ಕಾಯಬೇಡಿ. ಒಂದೂವರೆ ತಿಂಗಳೊಳಗಿನ ಕೂಸಿಗೆ ಯಾವ ರ‍್ಯಾಶ್ ಆದರೂ ತೋರಿಸಿಯೇ ಹಚ್ಚಿ. ಗುದದ ಸುತ್ತ ಮಾತ್ರ ಕಂಪಾಸ್‌ನಲ್ಲಿ ಎಳೆದ ಹಾಗೆ ಕೆಂಪು ಉಂಗುರವಿದ್ದು, ಕಕ್ಕ ಮಾಡಲು ಮಗು ಹೆದರಿ ಅಳುತ್ತಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಅದಕ್ಕೆ ಬಾಯಿಂದ ಕೊಡುವ ಆಂಟಿಬಯಾಟಿಕ್ ಬೇಕು, ಕ್ರೀಮ್ ಎಷ್ಟು ಮೆತ್ತಿದರೂ ಜಗ್ಗುವುದಿಲ್ಲ. ಬಾಯಿಯ ಸುತ್ತ, ಕೈಕಾಲಿನ ಬೆರಳುಗಳಲ್ಲೂ ಅಂಥದೇ ಗಾಯ, ಭೇದಿ, ಕೂದಲು ಉದುರುವುದು ಒಟ್ಟಿಗೆ ಬಂದರೆ ಮೈಯಲ್ಲೇ ಝಿಂಕ್ ಕೊರತೆಯಿರಬಹುದು, ಅದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ನೆತ್ತಿಯಲ್ಲಿ ಎಣ್ಣೆಎಣ್ಣೆ ಹೊಪ್ಪಳೆಯಿದ್ದರೆ, ಮನೆಮಂದಿಗೆಲ್ಲ ರಾತ್ರಿ ತುರಿಕೆಯಿದ್ದರೆ ಅವು ಬೇರೆಯೇ ಕಾಯಿಲೆಗಳು, ಅವುಗಳ ಚಿಕಿತ್ಸೆಯ ದಾರಿಯೂ ಬೇರೆ.

ರ‍್ಯಾಶ್ ಹೋದ ಜಾಗ ಕೆಲವು ವಾರ ಬೆಳ್ಳಗಾಗಿ ಉಳಿಯಬಹುದು. ತೊನ್ನು ಎಂದು ಹೆದರಬೇಡಿ, ಅದಕ್ಕೆಂದು ಇನ್ನೊಂದು ಟ್ಯೂಬ್ ಕೊಳ್ಳಲೂ ಬೇಡಿ, ಬಣ್ಣ ತಾನೇ ತುಂಬುತ್ತದೆ. ಡಬ್ಬಿಯಲ್ಲಿ ಬರುವ ಕ್ರೀಮಿಗೆ ಕಕ್ಕ ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಅದ್ದುವ ಅಭ್ಯಾಸ ಹಲವರಿಗಿದೆ. ಐಸ್‌ಕ್ರೀಂ ಕಡ್ಡಿಯ ಒಂದು ಕಟ್ಟು ತಂದಿಟ್ಟು, ಒಂದು ಸಲಕ್ಕೊಂದರಂತೆ ಬಳಸಿ ಎಸೆಯಿರಿ. ಟ್ಯೂಬ್ ಮತ್ತು ಡಬ್ಬಿ ಎರಡೂ ಸಿಗುವ ಕಡೆ ಟ್ಯೂಬನ್ನೇ ತೆಗೆದುಕೊಳ್ಳಿ.